ಬಿಲ್ಟಿ ಯಾರ ಹೆಸರಿನಲ್ಲಿದೆ? ಮನೆ ಸಾಮಾನು ಸಾಗಿಸುವ ಮೊದಲು ಕೇಳಿ

ಮಾನ್ಯ ಸಂಪಾದಕರೇ,

ಮೇ ತಿಂಗಳು ಮುಗಿಯುತ್ತ ಬಂದಂತೆ ಕಲಬುರಗಿಯಲ್ಲಿ ಮನೆ ಖಾಲಿ ಮಾಡುವವರ ಓಡಾಟ ಜೋರಾಗುತ್ತದೆ. ಶಿಕ್ಷಕರ ವರ್ಗಾವಣೆ, ವಿದ್ಯುತ್ ಕಂಪನಿ ಜೆಸ್ಕಾಂ ಮತ್ತು ಬ್ಯಾಂಕ್ ನೌಕರರ ವರ್ಗಾವಣೆ, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದ ಬೇರೆ ಘಟಕಕ್ಕೆ ಹೋಗುವವರು, ಮಕ್ಕಳ ಕಾಲೇಜಿಗೆಂದು ಬೆಂಗಳೂರು, ಹೈದರಾಬಾದ್ ಹಿಡಿಯುವ ಕುಟುಂಬಗಳು, ಎಲ್ಲವೂ ಒಂದೇ ಹೊತ್ತಿಗೆ ಕೂಡಿಬರುತ್ತವೆ. ಹೊರಟವರು ಮೊದಲು ಕೇಳುವುದು ‘ಎಷ್ಟು ತಗೋತೀರಿ?’ ಎಂದು. ಐದಾರು ಕಡೆ ಫೋನ್ ಮಾಡಿ, ಕಡಿಮೆ ಹೇಳಿದವರಿಗೆ ಮುಂಗಡ ಕಳಿಸಿಬಿಡುತ್ತಾರೆ. ಆದರೆ ಆ ಐದಾರು ಮಂದಿ ಮಾಡುವ ಕೆಲಸ ಒಂದೇ ಅಲ್ಲ. ಒಬ್ಬರು ಲಾರಿ ಮಾಲೀಕರು, ಒಬ್ಬರು ದಲ್ಲಾಳಿ, ಇನ್ನೊಬ್ಬರು ಪಾರ್ಸೆಲ್ ಕಂಪನಿ, ಮತ್ತೊಬ್ಬರು ಎಲ್ಲೋ ದೂರದ ಊರಲ್ಲಿ ಕೂತು ಫೋನಿನಲ್ಲೇ ಆರ್ಡರ್ ಹಿಡಿದು ಬೇರೆಯವರಿಗೆ ಮಾರುವವರು. ಇವರ ದರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ.

ಸಾಗಣೆಯವರನ್ನು ಆರಿಸಲು ಎರಡು ಪ್ರಶ್ನೆ ಸಾಕು. ಈ ಮನೆಯ ಬಾಗಿಲಿಂದ ಆ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಸಾಮಾನು ಎಷ್ಟು ಸಲ ಇಳಿದು ಹತ್ತುತ್ತದೆ? ಒಡೆದರೆ, ಕಳೆದರೆ ಕಾಗದದ ಮೇಲೆ ಜವಾಬು ಕೊಡಬೇಕಾದವರು ಯಾರು, ಅಂದರೆ ಬಿಲ್ಟಿ (ಸಾಮಾನು ಪಡೆದದ್ದಕ್ಕೆ ಸಾಗಿಸುವವರು ಕೊಡುವ ರಸೀದಿ) ಯಾರ ಹೆಸರಿನಲ್ಲಿದೆ? ದರದ ಮಾತು ಇವೆರಡರ ನಂತರ ಬರಲಿ.

ಊರೊಳಗೇ ಮನೆ ಬದಲಿಸುವವರಿಗೆ ಕಂಪನಿಯ ಅಗತ್ಯವೇ ಇಲ್ಲ. ಛೋಟಾ ಹಾತಿ ಎನ್ನುವ ಸಣ್ಣ ಸರಕು ಗಾಡಿ ಮತ್ತು ಮೂರ್ನಾಲ್ಕು ಜನ ಹಮಾಲರು ಸಾಕು. ಆ ಗಾಡಿಯ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿಗಿಂತ ತುಸು ಕಡಿಮೆ ಅಗಲ. ಹೊರುವುದು ಮುಕ್ಕಾಲು ಟನ್ ಆಸುಪಾಸು. ಎರಡು ಕೋಣೆಯ ಮನೆಗೆ ಎರಡು ಅಥವಾ ಮೂರು ಟ್ರಿಪ್ ಆಗುತ್ತದೆ. ಜಗಳ ಬರುವುದು ಗಾಡಿ ಬಾಡಿಗೆಯಲ್ಲಲ್ಲ, ಹಮಾಲಿಯಲ್ಲಿ. ಎಷ್ಟನೇ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಗಾಡಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ದೂರ, ಸಾಮಾನನ್ನು ವರಾಂಡದಲ್ಲಿ ಇಳಿಸುವುದೋ ಕೋಣೆಯೊಳಗೆ ಜೋಡಿಸಿಡುವುದೋ ಎಂಬುದನ್ನು ಮೊದಲೇ ಹೇಳಿ ಮುಗಿಸಬೇಕು. ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೆಯ ಓಣಿಗಳಿಗೆ 14 ಅಡಿಯ ಲಾರಿ ನುಗ್ಗುವುದಿಲ್ಲ. ಬೇರೆ ಊರಿಗೆ ಹೊರಟವರೂ ಇದನ್ನು ಬುಕಿಂಗ್ ಮಾಡುವಾಗಲೇ ಹೇಳಬೇಕು. ಇಲ್ಲದಿದ್ದರೆ ದೊಡ್ಡ ರಸ್ತೆಯಲ್ಲಿ ನಿಂತ ಲಾರಿಯವರೆಗೆ ಸಣ್ಣ ಗಾಡಿಯಲ್ಲಿ ತುಂಬಿ ಒಯ್ಯಬೇಕಾಗುತ್ತದೆ. ಹತ್ತಿಸಿ ಇಳಿಸುವುದು ಒಂದು ಸಲ ಹೆಚ್ಚಾಯಿತು, ಖರ್ಚೂ ಹೆಚ್ಚಾಯಿತು. ಇನ್ನೊಂದು ಮಾತು: ನಮ್ಮ ಮನೆಗಳಲ್ಲಿ ಹೆಚ್ಚಾಗಿ ಶಹಾಬಾದ್ ಫರಸಿ, ಅಂದರೆ ಕಲ್ಲಿನ ನೆಲ. ಕಬ್ಬಿಣದ ಅಲಮಾರಿಯನ್ನು ಅದರ ಮೇಲೆ ದರದರ ಎಳೆದರೆ ಬೀಳುವ ಗೀರು ಹೋಗುವುದಿಲ್ಲ, ಮನೆ ಮಾಲೀಕರು ಡಿಪಾಜಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ಅಲಮಾರಿಯ ಕಾಲಿನ ಕೆಳಗೆ ಒದ್ದೆ ಮಾಡಿದ ಗೋಣಿತಟ್ಟು ಹಾಕಿ ಎಳೆದರೆ ಗೀರು ಬೀಳುವುದಿಲ್ಲ.

ಬೇರೆ ಊರಿಗಾದರೆ, ಸಾಮಾನು ಒಂದು ಲಾರಿ ತುಂಬುವಷ್ಟಿದ್ದರೆ, ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಇಡೀ ಲಾರಿ ಹಿಡಿಯುವುದು ಎಲ್ಲಕ್ಕಿಂತ ಸರಳವಾದ ದಾರಿ. ಇಲ್ಲಿ ತುಂಬಿದ್ದು ಅಲ್ಲಿಯೇ ಇಳಿಯುತ್ತದೆ, ನಡುವೆ ಯಾರೂ ಮುಟ್ಟುವುದಿಲ್ಲ. ಎರಡು ಬೆಡ್‌ರೂಮಿನ ಮನೆಗೆ 14 ಅಡಿಯ ಗಾಡಿ, ಮೂರು ಬೆಡ್‌ರೂಮಿಗೆ 17 ಅಥವಾ 19 ಅಡಿಯದು ಸಾಮಾನ್ಯ ಲೆಕ್ಕ. ಮನೆ ಸಾಮಾನು ತೂಕಕ್ಕಿಂತ ಜಾಗವನ್ನು ತಿನ್ನುತ್ತದೆ. ಆದ್ದರಿಂದ ಎಷ್ಟು ಟನ್ ಎಂದು ಕೇಳುವ ಬದಲು ತೊಟ್ಟಿಯ ಉದ್ದ, ಅಗಲ, ಎತ್ತರ ಕೇಳಿ. 14 ಅಡಿ ಉದ್ದ, 6 ಅಡಿ ಅಗಲದ ತೊಟ್ಟಿಯಲ್ಲಿ 6 ಅಡಿ ಎತ್ತರಕ್ಕೆ ತುಂಬಿದರೆ 504 ಘನ ಅಡಿ ಆಗುತ್ತದೆ. ಪಲ್ಲಂಗ, ಅಲಮಾರಿ, ಸೋಫಾ, ಫ್ರಿಜ್ ಇವುಗಳ ಅಳತೆ ಟೇಪ್ ಹಿಡಿದು ಬರೆದು ಕೂಡಿಸಿ. ಡಬ್ಬಗಳಿಗೆಂದು ಅದರ ಅರ್ಧದಷ್ಟು ಸೇರಿಸಿ. ಯಾವ ಗಾಡಿ ಬೇಕು ಎಂಬುದು ಅಂದಾಜಿಗೆ ಸಿಗುತ್ತದೆ.

ಇಡೀ ಲಾರಿಯ ಬಾಡಿಗೆ ಇಳಿಯುವುದು ವಾಪಸ್ ಗಾಡಿ ಸಿಕ್ಕಾಗ. ಬೆಂಗಳೂರು, ಹೈದರಾಬಾದ್, ಸೊಲ್ಲಾಪುರದಿಂದ ಮಾಲು ತಂದು ಇಳಿಸಿದ ಲಾರಿಗಳು ಖಾಲಿ ಹೋಗುವುದಕ್ಕಿಂತ ಕಡಿಮೆಗೆ ಬರಲು ಒಪ್ಪುತ್ತವೆ. ಆದರೆ ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಗಂಜ್‌ನಲ್ಲಿ (ಧಾನ್ಯದ ಸಗಟು ಮಾರುಕಟ್ಟೆಯಲ್ಲಿ) ಲಾರಿಗೆ ಬೇಡಿಕೆ ಏರಿರುತ್ತದೆ, ಆಗ ಈ ಲಾಭ ಸಿಗುವುದು ಕಷ್ಟ. ವಾಪಸ್ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಹಿಂದಿನ ಲೋಡ್ ಏನಿತ್ತು ಎಂದು ಕೇಳಲೇಬೇಕು. ಸಿಮೆಂಟ್ ಹೊತ್ತಿದ್ದ ಲಾರಿಯ ಹಲಗೆ ಸಂದಿಗಳಲ್ಲಿ ಪುಡಿ ಉಳಿದಿರುತ್ತದೆ. ದಾರಿಯಲ್ಲಿ ಮಳೆ ಹನಿಸಿದರೆ ಅದು ಹಾಸಿಗೆ, ಸೋಫಾದ ಬಟ್ಟೆಗೆ ಹಿಡಿದು ಗಟ್ಟಿಯಾಗುತ್ತದೆ. ಎಷ್ಟು ತೊಳೆದರೂ ಬೂದು ಕಲೆ ಹೋಗುವುದಿಲ್ಲ. ಒಣಮೆಣಸಿನಕಾಯಿ ಚೀಲ ಹೊತ್ತಿದ್ದ ಗಾಡಿಯಲ್ಲಿ ಹತ್ತಿ ಗಾದಿ ಒಯ್ದರೆ ವಾರಗಟ್ಟಲೆ ಘಾಟು ಬಿಡದು. ತೊಟ್ಟಿ ಗುಡಿಸಿಸಿ, ಕೆಳಗೊಂದು ತಾಡಪತ್ರಿ ಹಾಸಿಸಿ, ಆಮೇಲೆ ಮೊದಲ ಡಬ್ಬ ಹತ್ತಿಸಬೇಕು. ಮೇಲೆ ಹೊದಿಸುವ ತಾಡಪತ್ರಿ ಮಳೆಗಾಲದಲ್ಲಿ ಎರಡು ಪದರ ಇರಲಿ, ನಡುಭಾಗ ಹೊಟ್ಟೆ ಬಿಟ್ಟು ಜೋಲಬಾರದು. ಅಲ್ಲಿ ನಿಂತ ನೀರೇ ನಿಧಾನವಾಗಿ ಒಳಗೆ ಇಳಿಯುವುದು.

ರಾಜ್ಯ ದಾಟುವುದಿದ್ದರೆ ಪರ್ಮಿಟ್ ವಿಚಾರಿಸಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯಡಿ ಪರ್ಮಿಟ್ ಬೇಕಿಲ್ಲ. ಅದಕ್ಕಿಂತ ದೊಡ್ಡ ಲಾರಿ ಜಹೀರಾಬಾದ್ ಕಡೆಗೋ ಅಕ್ಕಲಕೋಟ ಕಡೆಗೋ ಗಡಿ ದಾಟಬೇಕಾದರೆ ನ್ಯಾಷನಲ್ ಪರ್ಮಿಟ್ ಬೇಕು. ಅದಿಲ್ಲದ ಲಾರಿ ಗಡಿಯಲ್ಲಿ ನಿಂತರೆ ಒಳಗಿರುವ ಸಾಮಾನೂ ನಿಲ್ಲುತ್ತದೆ. ಅಲ್ಲಿ ಬೇರೆ ಗಾಡಿಗೆ ಬದಲಿಸುವ ಖರ್ಚನ್ನು ನಿಮ್ಮ ಮೇಲೆಯೇ ಹಾಕುತ್ತಾರೆ.

ಪಾರ್ಸೆಲ್ ಸರ್ವಿಸ್‌ನ ಸಂಗತಿ ಬೇರೆ. ಅವರು ಹತ್ತಾರು ಜನರ ಮಾಲು ಒಂದೇ ಲಾರಿಯಲ್ಲಿ ಒಯ್ಯುತ್ತಾರೆ. ಇಲ್ಲಿನ ಗೋಡೌನ್‌ನಲ್ಲಿ ಒಮ್ಮೆ, ದೊಡ್ಡ ಊರಿನ ಹಬ್‌ನಲ್ಲಿ ಇನ್ನೊಮ್ಮೆ, ಮುಟ್ಟುವ ಊರಿನಲ್ಲಿ ಮತ್ತೊಮ್ಮೆ ಇಳಿಸಿ ಹತ್ತಿಸುತ್ತಾರೆ. ಹಮಾಲರು ಒಳಗೇನಿದೆ ನೋಡುವುದಿಲ್ಲ. ಅವರಿಗೆ ಅದೊಂದು ನಗ, ಅಂದರೆ ಎಣಿಕೆಗೆ ಒಂದು ಕಟ್ಟು. ಪುಸ್ತಕದ ಡಬ್ಬ, ಪಾತ್ರೆಯ ಚೀಲ, ಬಿಚ್ಚಿದ ಕಬ್ಬಿಣದ ಮಂಚ ಹೀಗೆ ಹೋದರೆ ಚಿಂತೆಯಿಲ್ಲ. ಫ್ರಿಜ್, ಟಿ.ವಿ., ಕನ್ನಡಿಯ ಅಲಮಾರಿ ಮಾತ್ರ ಇದರಲ್ಲಿ ಕಳಿಸಬಾರದು. ಅವರ ದರ ಕಿಲೋ ಲೆಕ್ಕದಲ್ಲಿ ಹೇಳಿದರೂ, ಹಗುರವಾಗಿದ್ದು ಜಾಗ ತಿನ್ನುವ ನಗಕ್ಕೆ ಘನ ಅಡಿಗೆ ಇಂತಿಷ್ಟು ಕಿಲೋ ಎಂದು ತೂಕ ಕಟ್ಟುತ್ತಾರೆ. ಪ್ಲಾಸ್ಟಿಕ್ ಕುರ್ಚಿ, ಖಾಲಿ ಡ್ರಮ್, ಕೂಲರ್ ತೂಗಿದರೆ ಏನೂ ಇಲ್ಲ, ಬಿಲ್ಲಿನಲ್ಲಿ ಮಾತ್ರ ಭಾರ. ಡೋರ್ ಡೆಲಿವರಿಯೋ ಗೋಡೌನ್ ಡೆಲಿವರಿಯೋ ಎಂಬುದನ್ನೂ ಬರೆಸಿಕೊಳ್ಳಿ. ಒಂದು ಬೈಕು, ನಾಲ್ಕು ಡಬ್ಬ ಅಷ್ಟೇ ಇರುವ ವಿದ್ಯಾರ್ಥಿಗಳಿಗೆ ರೈಲ್ವೆ ಪಾರ್ಸೆಲ್ ಚೆನ್ನಾಗಿ ಹೊಂದುತ್ತದೆ. ಆರ್.ಸಿ. ಮತ್ತು ಗುರುತಿನ ಚೀಟಿಯ ನಕಲು ಬೇಕು. ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿಯಿರಬೇಕು, ಹನಿ ಉಳಿದರೂ ಬುಕ್ ಮಾಡುವುದಿಲ್ಲ. ಬೈಕಿಗೆ ಗೋಣಿತಟ್ಟಿನ ಪ್ಯಾಕಿಂಗ್ ಮಾಡಿಸಿ, ಕಳಿಸುವವರ ಮತ್ತು ಪಡೆಯುವವರ ಹೆಸರು ಎರಡು ಕಡೆ ಬರೆಸಿ.

ಇನ್ನು ಪ್ಯಾಕರ್ಸ್ ಅಂಡ್ ಮೂವರ್ಸ್. ನಾಜೂಕು ಸಾಮಾನು ಹೆಚ್ಚಿರುವವರಿಗೆ, ವಯಸ್ಸಾದವರಷ್ಟೇ ಇರುವ ಮನೆಗೆ, ಬೆಂಗಳೂರಿನಂಥ ಸುಮಾರು 600 ಕಿ.ಮೀ. ದೂರಕ್ಕೆ ಇವರಿಗೆ ಹಣ ಕೊಡುವುದು ವ್ಯರ್ಥವಲ್ಲ. ಆದರೆ ಈ ಹೆಸರಿನ ಕೆಳಗೆ ಮೂರು ಬಗೆಯವರಿದ್ದಾರೆ. ಸ್ವಂತ ಗಾಡಿ, ಸ್ವಂತ ಆಳು ಇರುವವರು. ಪ್ಯಾಕಿಂಗ್ ಮಾತ್ರ ತಾವು ಮಾಡಿ ಲಾರಿಯನ್ನು ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಹಿಡಿಯುವವರು. ಏನೂ ಇಲ್ಲದೆ ಫೋನ್ ನಂಬರ್ ಮಾತ್ರ ಇರುವವರು. ಮೊದಲ ಎರಡು ಬಗೆಯವರು ನಡೆಯುತ್ತಾರೆ. ಎರಡನೆಯವರಾದರೆ ಲಾರಿಯವರ ಬಿಲ್ಟಿಯೂ ಕೈಗೆ ಬರಬೇಕು. ಮೂರನೆಯವರನ್ನು ಗುರುತಿಸುವುದು ಕಷ್ಟವೇನಲ್ಲ: ಮನೆಗೆ ಬಂದು ಅಥವಾ ವಿಡಿಯೊ ಕಾಲ್‌ನಲ್ಲಿ ಸಾಮಾನು ನೋಡದೆಯೇ ಪಕ್ಕಾ ದರ ಹೇಳುತ್ತಾರೆ, ಮುಂಗಡವನ್ನು ಯಾರದೋ ವೈಯಕ್ತಿಕ ಖಾತೆಗೆ ಹಾಕಲು ಹೇಳುತ್ತಾರೆ. ಜಿಎಸ್‌ಟಿ ನಂಬರ್ ಕೇಳಿ. ಅದು 15 ಅಕ್ಷರಗಳದ್ದು. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಮಹಾರಾಷ್ಟ್ರಕ್ಕೆ 27. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ನೋಂದಾಯಿತ ಹೆಸರು, ವಿಳಾಸ ಕಾಣುತ್ತದೆ. ಕೊಟೇಶನ್ನಿನ ಹೆಸರು, ಬ್ಯಾಂಕ್ ಖಾತೆಯ ಹೆಸರು, ಬಿಲ್ಟಿಯ ಹೆಸರು ಮೂರೂ ಅದಕ್ಕೆ ತಾಳೆಯಾಗಬೇಕು. ಹೆಸರಾಂತ ಕಂಪನಿಯ ಹೆಸರಿಗೆ ಹಿಂದೆ ಮುಂದೆ ಒಂದು ಪದ ಸೇರಿಸಿಕೊಂಡವರು ಸಿಕ್ಕಿಬೀಳುವುದು ಈ ತಾಳೆಯಲ್ಲಿಯೇ.

ಇವರ ಕೊಟೇಶನ್ನಿನಲ್ಲಿ ‘ಶೇರಿಂಗ್’ ಎಂಬ ಮಾತಿದ್ದರೆ ಎಚ್ಚರವಿರಲಿ. ಕಂಟೇನರಿನ ಅರ್ಧ ಜಾಗ ನಿಮಗೆ, ಅರ್ಧ ಬೇರೆಯವರಿಗೆ. ದರ ಕಡಿಮೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಇನ್ನೊಬ್ಬರ ಸಾಮಾನು ಸಿಗುವವರೆಗೆ ನಿಮ್ಮದು ಗೋಡೌನ್‌ನಲ್ಲಿ ಕಾಯುತ್ತದೆ, ಮುಟ್ಟುವ ದಿನ ಹೇಳಲಾಗದು. ಅದೇ ಕಂಟೇನರಿನಲ್ಲಿ ಹೋಗುವುದೋ, ನಡುದಾರಿಯಲ್ಲಿ ಬೇರೆಯದಕ್ಕೆ ಬದಲಿಸುತ್ತಾರೋ ಎಂದು ಬರವಣಿಗೆಯಲ್ಲಿ ಕೇಳಿ. ಬದಲಿಸುವುದಾದರೆ ಅದು ಹೆಚ್ಚು ದುಡ್ಡಿನ ಪಾರ್ಸೆಲ್ ಸರ್ವಿಸ್, ಅಷ್ಟೇ.

ಪ್ಯಾಕಿಂಗ್ ಯಾರೇ ಮಾಡಲಿ, ಕೆಲವನ್ನು ಮನೆಯವರೇ ನಿಂತು ನೋಡಬೇಕು. ಫ್ರಿಜ್ ಅನ್ನು ಹಿಂದಿನ ದಿನವೇ ಬಂದ್ ಮಾಡಿ, ಐಸ್ ಕರಗಿಸಿ, ನೀರು ಒರೆಸಿ, ಬಾಗಿಲು ಬಿಗಿದಿರಬೇಕು. ಅದನ್ನು ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಗ್ಯಾಸಿನ ಕೊಳವೆಗೆ ಹರಿಯುತ್ತದೆ. ಮುಟ್ಟಿದ ಕೂಡಲೇ ಸ್ವಿಚ್ ಹಾಕಿದರೆ ಕಂಪ್ರೆಸರ್ ಕೆಡುತ್ತದೆ. ನಿಲ್ಲಿಸಿ ತಂದಿದ್ದರೂ ಮೂರ್ನಾಲ್ಕು ತಾಸು ಬಿಟ್ಟು ಹಚ್ಚಿ, ಮಲಗಿಸಿದ್ದರೆ ಒಂದು ದಿನ ಬಿಡಿ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನ್ ಖರೀದಿಸಿದಾಗ ಹಿಂಭಾಗದಲ್ಲಿ ಉದ್ದನೆಯ ಬೋಲ್ಟ್‌ಗಳಿದ್ದವಲ್ಲ, ಅವನ್ನು ಮತ್ತೆ ಹಾಕಿ ಡ್ರಮ್ ಬಿಗಿಯದಿದ್ದರೆ ಲಾರಿಯ ಕುಲುಕಾಟಕ್ಕೆ ಒಳಗಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮುರಿಯುತ್ತವೆ. ಎಲ್ಇಡಿ ಟಿ.ವಿ. ಎಂದಿಗೂ ಅಡ್ಡ ಮಲಗಬಾರದು, ಅದರ ಪರದೆ ಬಿರುಕು ಬಿಡಬಹುದು. ಅಲಮಾರಿಯಲ್ಲಿ ಬಟ್ಟೆ ಹಾಗೇ ಇರಲಿ ಎಂದು ಹಮಾಲರಿಗೆ ಹೇಳುವವರು ಬಹಳ. ತುಂಬಿದ ಅಲಮಾರಿಯನ್ನು ಒಂದು ಮೂಲೆಯಿಂದ ಎತ್ತಿದಾಗ ತಗಡು ತಿರುಚಿಕೊಳ್ಳುತ್ತದೆ, ಆಮೇಲೆ ಬಾಗಿಲು ಸರಿಯಾಗಿ ಕೂಡುವುದೇ ಇಲ್ಲ.

ನಮ್ಮ ಭಾಗದ ಮನೆಗಳಲ್ಲಿ ತಗಡಿನ ಕೂಲರ್ ಒಂದಾದರೂ ಇದ್ದೇ ಇರುತ್ತದೆ. ಅದನ್ನು ಸುಮ್ಮನೆ ಮೂಲೆಗೆ ತಳ್ಳಿ ಸಾಗಿಸಿದರೆ ಅದರ ಮೊನಚು ಅಂಚು ಪಕ್ಕದ ಸೋಫಾ, ಗಾದಿಯನ್ನು ಕೊಯ್ಯುತ್ತದೆ. ಹಿಂದಿನ ದಿನ ನೀರು ಪೂರ್ತಿ ತೆಗೆದು ಒಣಗಿಸಿ, ಪಂಪ್ ಬಿಚ್ಚಿ ಬೇರೆ ಡಬ್ಬದಲ್ಲಿ ಹಾಕಿ, ಹುಲ್ಲಿನ ಪ್ಯಾಡ್ ಹಳೆಯದಾಗಿದ್ದರೆ ಇಲ್ಲೇ ಎಸೆಯಿರಿ. ಒದ್ದೆ ಹುಲ್ಲು ಕಂಟೇನರಿನೊಳಗೆ ಕೊಳೆತು ಎಲ್ಲ ಬಟ್ಟೆಗೂ ವಾಸನೆ ಹಿಡಿಸುತ್ತದೆ. ನಾಲ್ಕು ಮೂಲೆಗೆ ರಟ್ಟು ಮಡಚಿ ಟೇಪ್ ಸುತ್ತಿ. ಹಾಂ, ಟೇಪಿನ ಮಾತು ಬಂತು: ಪಾಲಿಶ್ ಮಾಡಿದ ಸಾಗವಾನಿ ಕಟ್ಟಿಗೆಗೆ ಬ್ರೌನ್ ಟೇಪ್ ನೇರವಾಗಿ ಅಂಟಿಸಲು ಬಿಡಲೇಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಅಂಟು ಕರಗಿ ಹಿಡಿಯುತ್ತದೆ, ಕೀಳುವಾಗ ಪಾಲಿಶ್ ಕೂಡ ಎದ್ದುಬರುತ್ತದೆ. ಮೊದಲು ರಟ್ಟಿನ ರೋಲ್, ಅದರ ಮೇಲೆ ಟೇಪ್. ಪುಸ್ತಕಕ್ಕೆ ಸಣ್ಣ ಡಬ್ಬವೇ ಸರಿ, ಒಂದೊಂದು 15ರಿಂದ 20 ಕಿಲೋ ಮೀರದಂತೆ. ಗಾಜು, ಪಿಂಗಾಣಿಗೆ 5 ಪದರದ ರಟ್ಟಿನ ಡಬ್ಬ, ತಟ್ಟೆಗಳನ್ನು ಮಲಗಿಸದೆ ನಿಲ್ಲಿಸಿ. ಬೀದರಿನ ಕುಸುರಿ ಹೂದಾನಿ, ತಟ್ಟೆ ಇದ್ದರೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಒಯ್ಯುವುದು ಒಳ್ಳೆಯದು. ಚಿನ್ನ, ನಗದು, ಮೂಲ ದಾಖಲೆ ಕೂಡ ಹಾಗೆಯೇ.

ಗ್ಯಾಸ್ ಸಿಲಿಂಡರ್ ಲಾರಿಗೆ ಹತ್ತಿಸಲೇಬಾರದು. ದೂರದ ಊರಿಗೆ ಹೋಗುವವರು ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಡಿಪಾಜಿಟ್ ವಾಪಸ್ ಪಡೆದು, ಟರ್ಮಿನೇಶನ್ ವೋಚರ್ (ಸಂಪರ್ಕ ಬಿಟ್ಟುಕೊಟ್ಟದ್ದಕ್ಕೆ ಚೀಟಿ) ತೆಗೆದುಕೊಂಡು ಅಲ್ಲಿ ಅದನ್ನು ತೋರಿಸಿ ಸಂಪರ್ಕ ಪಡೆಯಬೇಕು. ವೋಚರ್ ಕೆಲಸ ವಾರ ಮೊದಲೇ ಮುಗಿಸಿದರೆ ಹೊಸ ಊರಲ್ಲಿ ಒಲೆ ಹಚ್ಚಲು ಕಾಯಬೇಕಿಲ್ಲ.

ಇನ್ನು ಬಿಲ್ಟಿಯ ಮಾತು. ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆ 2007ರಲ್ಲಿ ಬಂತು, 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು 1865ರ ಕಾಯ್ದೆಯೇ ನಡೆಯುತ್ತಿತ್ತು. ಈ ಕಾಯ್ದೆಯಂತೆ ಬಾಡಿಗೆಗೆ ಎಲ್ಲರ ಸರಕು ಸಾಗಿಸುವವರು ನೋಂದಣಿ ಮಾಡಿಸಿಕೊಂಡಿರಬೇಕು. ಸರಕು ಒಪ್ಪಿಸುವವರು ಅದರ ವಿವರ, ಬೆಲೆ ಬರೆದು ಫಾರ್ವರ್ಡಿಂಗ್ ನೋಟ್ ಕೊಡಬೇಕು, ಸಾಗಿಸುವವರು ಬಿಲ್ಟಿ ಕೊಡಬೇಕು. ನಷ್ಟವಾದರೆ ಸಾಗಿಸುವವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿಗೆ ಸೀಮಿತ, ಅದೂ ನೀವು ಬರೆದುಕೊಟ್ಟ ಬೆಲೆಯನ್ನು ಮೀರುವುದಿಲ್ಲ. ಬಾಡಿಗೆ 12,000 ರೂಪಾಯಿ ಇದ್ದರೆ 1,20,000ದವರೆಗೆ ಕೇಳಬಹುದು; ಆದರೆ ಫಾರಂನಲ್ಲಿ ‘ಹಳೆ ಸಾಮಾನು, 20,000’ ಎಂದು ಬರೆದಿದ್ದರೆ ಕೈಗೆ ಬರುವುದು 20,000 ಮಾತ್ರ. ಬಹಳ ಜನ ತೆರಿಗೆ ಬಿದ್ದೀತೆಂದು ಹೆದರಿ ಬೆಲೆ ಕಡಿಮೆ ಬರೆಸುತ್ತಾರೆ. ಆ ಹೆದರಿಕೆಗೆ ಕಾರಣವಿಲ್ಲ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿಯಡಿ ಮಾಡಿಸುವ ಆನ್‌ಲೈನ್ ದಾಖಲೆ) ಕೂಡ ಬೇಕಿಲ್ಲ. ಬಿಲ್ಲಿನಲ್ಲಿ ಪ್ಯಾಕಿಂಗ್ ಖರ್ಚು ದೊಡ್ಡದಾಗಿ, ಬಾಡಿಗೆ ಸಣ್ಣದಾಗಿ ಸೀಳಿ ಬರೆದಿದ್ದರೂ ಪ್ರಶ್ನಿಸಿ; 10 ಪಟ್ಟು ಎಣಿಸುವುದು ಬಾಡಿಗೆಯ ಮೇಲೆ.

‘ಇನ್ಶೂರೆನ್ಸ್ ಶೇ 3’ ಎಂದು ಬಿಲ್ಲಿಗೆ ಸೇರಿಸಿದ ಮಾತ್ರಕ್ಕೆ ವಿಮೆ ಆಗಲಿಲ್ಲ. ವಿಮಾ ಕಂಪನಿ ಕೊಟ್ಟ ಪ್ರಮಾಣಪತ್ರ, ಅದರಲ್ಲಿ ಪಾಲಿಸಿ ನಂಬರ್, ನಿಮ್ಮ ಹೆಸರು, ಬಿಲ್ಟಿ ನಂಬರ್, ಲಾರಿ ನಂಬರ್ ಇರಬೇಕು. ಅದು ಲಾರಿ ಹೊರಡುವ ಮೊದಲೇ ಕೈಗೆ ಬರಬೇಕು. ಬಿಲ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ನಷ್ಟಕ್ಕೆ ಸಾಮಾನಿನ ಮಾಲೀಕರೇ ಹೊಣೆ’ ಎಂಬ ಅರ್ಥದ ಇಂಗ್ಲಿಷ್ ಮುದ್ರೆ ಇದೆಯೇ ಎಂದೂ ನೋಡಿಕೊಳ್ಳಿ.

ನಡುದಾರಿಯಲ್ಲಿ ಹಣ ಕೀಳುವ ರೀತಿ ಎಲ್ಲ ಕಡೆ ಒಂದೇ. ಲಾರಿ ಹೊರಟ ಮೇಲೆ ಫೋನ್ ಬರುತ್ತದೆ: ಸಾಮಾನು ಹೇಳಿದ್ದಕ್ಕಿಂತ ಹೆಚ್ಚಿದೆ, ಎಂಟ್ರಿ ಟ್ಯಾಕ್ಸ್ ಕಟ್ಟಬೇಕು, ಇಲ್ಲವಾದರೆ ಇಳಿಸುವುದಿಲ್ಲ. ಎಂಟ್ರಿ ಟ್ಯಾಕ್ಸ್ 2017ರ ಜುಲೈ 1ರಂದು ಜಿಎಸ್‌ಟಿಯಲ್ಲಿ ಕರಗಿಹೋಗಿದೆ. ‘ಹೆಚ್ಚಿದೆ’ ಎಂಬ ಮಾತಿಗೆ ಅವಕಾಶ ಇರಬಾರದೆಂದರೆ ತುಂಬುವ ಮೊದಲೇ ನಗಗಳಿಗೆಲ್ಲ ನಂಬರ್ ಹಾಕಿ, ಪಟ್ಟಿ ಎರಡು ಪ್ರತಿ ಮಾಡಿ, ಈಗಾಗಲೇ ಇರುವ ಗೀರು, ಮುರುಕು ಎಲ್ಲ ಬರೆದು ಇಬ್ಬರೂ ಸಹಿ ಮಾಡಬೇಕು. ಟೋಲ್, ಹಮಾಲಿ ಎರಡೂ ಕಡೆಯದು, ಮಹಡಿ, ಜಿಎಸ್‌ಟಿ ಸೇರಿ ಒಟ್ಟು ಇಷ್ಟು ಎಂದು ಕೊಟೇಶನ್ನಿನಲ್ಲಿ ಬರೆಸಿ. ಪ್ಯಾಕಿಂಗ್ ಸೇರಿದ ಸೇವೆಗೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಬೀಳುತ್ತದೆ, ‘ಬಿಲ್ ಬೇಡವಾದರೆ ಕಡಿಮೆ’ ಎಂಬ ಮಾತಿಗೆ ಒಪ್ಪಿದರೆ ನಂತರ ದೂರಲು ಕಾಗದವೇ ಉಳಿಯುವುದಿಲ್ಲ, ನೌಕರರಿಗೆ ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲಿಗೂ ಬೇಕಾಗುವುದು ಅದೇ ಕಾಗದ. ಮುಂಗಡ ಕಾಲುಭಾಗ ಮೀರದಿರಲಿ, ಬಾಕಿ ಇಳಿಸಿ ಎಣಿಸಿದ ಮೇಲೆ. ಲಾರಿ ನಂಬರ್ ಪ್ಲೇಟ್ ಮತ್ತು ಚಾಲಕರ ಲೈಸೆನ್ಸ್ ಫೋಟೊ ತೆಗೆದಿಟ್ಟುಕೊಳ್ಳಿ.

ಇಳಿಸುವಾಗ ಪಟ್ಟಿ ಹಿಡಿದು ಒಂದೊಂದೇ ನಂಬರ್ ಗುರುತು ಹಾಕಿ. ಒಡೆದದ್ದು, ಬಾರದ್ದು ಏನಿದ್ದರೂ ಡೆಲಿವರಿ ಪ್ರತಿಯ ಮೇಲೆಯೇ ಬರೆದು ಆಮೇಲೆ ಸಹಿ ಮಾಡಿ. ‘ಸರಿಯಾಗಿ ಮುಟ್ಟಿದೆ’ ಎಂದು ಸಹಿ ಬಿದ್ದ ಮೇಲೆ ವಾದಿಸುವುದು ಕಷ್ಟ. ದಾವೆ ಹೂಡುವುದಿದ್ದರೆ ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಸಾಗಿಸಿದವರಿಗೆ ಲಿಖಿತ ನೋಟಿಸ್ ಮುಟ್ಟಿರಬೇಕು. ಸಾಮಾನು ಮುಟ್ಟಿದ ದಿನದಿಂದ ಅಲ್ಲ, ಬುಕಿಂಗ್ ದಿನದಿಂದ ಎಂಬುದನ್ನು ನೆನಪಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಗ್ರಾಹಕ ಸಹಾಯವಾಣಿಯ ಫೋನ್ ನಂಬರ್ 1915.

ಸಂಪಾದಕರೇ, ಇಷ್ಟೆಲ್ಲ ಎಚ್ಚರವನ್ನು ಜನರ ಮೇಲೆಯೇ ಹೊರಿಸಿ ಅಧಿಕಾರಿಗಳು ಸುಮ್ಮನಿರುವುದು ನ್ಯಾಯವಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಸಾರಿಗೆ ಕಚೇರಿಗಳು ತಮ್ಮ ವ್ಯಾಪ್ತಿಯಲ್ಲಿ 2007ರ ಕಾಯ್ದೆಯಡಿ ನೋಂದಾಯಿತರಾದ ಸಾಗಣೆದಾರರ ಹೆಸರು, ನೋಂದಣಿ ಸಂಖ್ಯೆ, ಅವಧಿ ಮುಗಿಯುವ ದಿನ ಇರುವ ಪಟ್ಟಿಯನ್ನು ಕನ್ನಡದಲ್ಲಿ ಬರೆಸಿ, ಕಚೇರಿಯ ಹೊರಗಿನ ಫಲಕಕ್ಕೆ ಹಚ್ಚಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ತಿದ್ದಬೇಕು. ಇಲ್ಲಿ ಬುಕ್ ಆಗುವ ಬಿಲ್ಟಿಯ ಹಿಂಬದಿಯ ಷರತ್ತುಗಳು ಕನ್ನಡದಲ್ಲೂ ಅಚ್ಚಾಗಬೇಕು. ‘ಬೆಲೆ ಎಷ್ಟೆಂದು ಬರೆಯಲಿ?’ ಎಂದು ಬುಕಿಂಗ್ ಟೇಬಲ್ ಮುಂದೆ ಕೇಳುವವರಿಗೆ ಆ ಅಂಕಿಯ ಅರ್ಥವೇನೆಂದು ಓದಿ ತಿಳಿಯಲು ಅಷ್ಟಾದರೂ ಬೇಕು. ವರ್ಗಾವಣೆಯ ಹಂಗಾಮು ಶುರುವಾಗುವ ಮೊದಲೇ ಈ ಕೆಲಸ ಆಗಲಿ.

— ಸರಕು ಸಾಗಣೆ ಬುಕಿಂಗ್ ಕೆಲಸದವರು, ಕಲಬುರಗಿ